ಟಾರ್ಕ್ ರೆಂಚ್: ನನ್ನ ಅಬಾರ್ತ್ ಪುಂಟೊಗೆ ಮಾಡಿದ ಒಳ್ಳೆಯ ಖರ್ಚು (ಐದಾರು ವರ್ಷ ಬಳಸಿದ ಮೇಲೆ)

ಸಣ್ಣ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ರೀಮ್ಯಾಪ್ (ಇಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ರಾ, ಎಕ್ಸಾಸ್ಟ್ (ಹೊಗೆ ಕೊಳವೆ) ಯಾವುದು? ನಾನು ಹೇಳುವುದೂ ಒಂದೇ. ಮೊದಲು ಒಂದು ಒಳ್ಳೆಯ ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಪಾನಾ) ತಗೊಳ್ಳಿ, ಆಮೇಲೆ ಜಾಕ್ ಮತ್ತು ಸ್ಟ್ಯಾಂಡ್, ಆಮೇಲೆ ಒಂದು ಓಬಿಡಿ ರೀಡರ್ (ಕಾರಿನ ದೋಷ ಓದಿ ತೋರಿಸುವ ಸಾಧನ). ಉಳಿದದ್ದೆಲ್ಲ ಇವುಗಳ ನಂತರ. ಈ ಮೂರನ್ನೂ ಇಷ್ಟು ವರ್ಷ ಮನೆಯಲ್ಲಿ ಬಳಸಿದ್ದೇನೆ, ಅದರ ಅನುಭವ ಇಲ್ಲಿದೆ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಂದೇ ಥರದ ರೆಂಚ್ ನಾಲ್ಕಾರು ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ.

ಕಾರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಫಿಯಟ್ ಕಂಪನಿಯ ಅಬಾರ್ತ್ ಪುಂಟೊ ನಮ್ಮಲ್ಲಿ 2015ರಲ್ಲಿ ಬಂತು. 1.4 ಲೀಟರ್ ಟಿ-ಜೆಟ್ ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ) ಪೆಟ್ರೋಲ್ ಇಂಜಿನ್, 145 ಬಿಎಚ್‌ಪಿ, 212 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹೈಡ್ರಾಲಿಕ್ ಸ್ಟೀರಿಂಗ್. ಆ ಸ್ಟೀರಿಂಗ್ ಕೊಡುವ ಖುಷಿ ಇವತ್ತಿನ ಎಲೆಕ್ಟ್ರಿಕ್ ಸ್ಟೀರಿಂಗ್‌ಗಳಲ್ಲಿ ನನಗೆ ಸಿಕ್ಕಿಲ್ಲ. ಬಿಎಸ್ 6 ಹೊಗೆ ನಿಯಮ ಬರುವ ಹೊತ್ತಿಗೆ ನಮ್ಮ ದೇಶದಲ್ಲಿ ಫಿಯಟ್ ಕಾರುಗಳ ಮಾರಾಟ ನಿಂತೇ ಹೋಯಿತು. ಹಾಗಾಗಿ ಈ ಕಾರು ಇರುವವರು ಒಂದು ವಿಷಯ ಮರೆಯಬಾರದು, ಇದರಲ್ಲಿ ಹಾಳಾಗುವ ಪ್ರತಿ ಬೋಲ್ಟ್, ಪ್ರತಿ ಥ್ರೆಡ್ ಮತ್ತೆ ಸಿಗುವುದಕ್ಕೆ ಓಡಾಡಬೇಕು. ಫಿಯಟ್‌ನದೇ ಲಿನಿಯಾ ಟಿ-ಜೆಟ್‌ಗೂ ಇದಕ್ಕೂ ಹೊಂದುವ ಇಂಜಿನ್ ಭಾಗಗಳಿವೆ, ಅದೊಂದು ಪುಣ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ "ಫಿಯಟ್‌ದಾ ಸಾರ್? ಎರಡು ದಿನ ಬಿಟ್ಟು ಬನ್ನಿ" ಅನ್ನುತ್ತಾರೆ. ಬಾಡಿ ಭಾಗ, ಲೈಟು, ಬ್ರಾಕೆಟ್ ಬೇಕಾದರೆ ಶಿವಾಜಿನಗರದ ಗುಜರಿ ಅಂಗಡಿಗಳು. ಇಂಥ ಕಾರಿನಲ್ಲಿ ಬಿಗಿಯುವ ಕೆಲಸವನ್ನು ಅಂದಾಜಿಗೆ ಬಿಡುವುದು ಸರಿಯಲ್ಲ ಅಂತಲೇ ರೆಂಚ್ ತೆಗೆದುಕೊಂಡೆ.

ಅದಕ್ಕೆ ಕಾರಣ ಒಂದು ಟೈರ್ ಅಂಗಡಿ. ಹೊಸ ಟೈರ್ ಹಾಕಿ ಏರ್ ಗನ್‌ನಲ್ಲಿ ನಾಲ್ಕೂ ಬೋಲ್ಟ್‌ಗಳನ್ನು ಸಾಲಾಗಿ ಬಿಗಿದು ಕಳಿಸಿದರು. ಸ್ವಲ್ಪ ದಿನದಲ್ಲೇ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಲು ಶುರುವಾಯಿತು. ಬೋಲ್ಟ್ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬಿಗಿದರೆ ಡಿಸ್ಕ್ ಹಬ್ (ಚಕ್ರ ಕೂರುವ ಮಧ್ಯಭಾಗ) ಮೇಲೆ ಸಮನಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಓರೆ ಆದರೂ ಸಾಕು, ತಿರುಗುತ್ತಾ ತಿರುಗುತ್ತಾ ಡಿಸ್ಕ್ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೆಯುತ್ತದೆ, ಆ ನಡುಕ ಕೈಗೆ ಬರುತ್ತದೆ. ಮುಂದಿನ ಎರಡೂ ಡಿಸ್ಕ್ ಬದಲಾಯಿಸಬೇಕಾಯಿತು. ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಹೊಸ ಡಿಸ್ಕ್ ಕೂರಿಸಿ, ರೆಂಚ್‌ನಲ್ಲಿ ಎದುರುಬದುರು ಬೋಲ್ಟ್‌ಗಳನ್ನು ಎರಡು ಸುತ್ತಿನಲ್ಲಿ ಬಿಗಿದೆ. ಅಂದಿನಿಂದ ಇಂದಿನವರೆಗೆ ನಡುಕ ಇಲ್ಲ. ಈಗ ಪಂಕ್ಚರ್ ಹಾಕಿಸಿದರೂ ಮನೆಗೆ ಬಂದು ಬೋಲ್ಟ್ ಸಡಿಲಿಸಿ ನಾನೇ ಮತ್ತೆ ಬಿಗಿಯುತ್ತೇನೆ.

ಲೆಕ್ಕ ನೋಡಿ. ಒಂದಡಿ ಉದ್ದದ ಪಾನಾದ ತುದಿಗೆ 70 ಕೆಜಿ ತೂಕದ ಮನುಷ್ಯ ಕಾಲಿಟ್ಟು ನಿಂತರೆ 200 ನ್ಯೂಟನ್ ಮೀಟರ್ ದಾಟುತ್ತದೆ. ಸಣ್ಣ ಕಾರುಗಳ ಚಕ್ರಕ್ಕೆ ಬೇಕಾಗುವುದು ಸಾಮಾನ್ಯವಾಗಿ 80ರಿಂದ 120. ನಿಮ್ಮ ಕಾರಿನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿ ನೋಡಿ, ಯಾರೋ ಹೇಳಿದರು ಅಂತ ಬಿಗಿಯಬೇಡಿ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಕೆಜಿ ಲೆಕ್ಕದಲ್ಲಿ ಹೇಳುತ್ತಾರೆ, "ಹತ್ತು ಕೆಜಿ ಹಾಕಿ ಸಾರ್" ಅಂದರೆ 98 ನ್ಯೂಟನ್ ಮೀಟರ್.

ಇನ್ನು ರೆಂಚ್. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರುವ ತುದಿ), 28ರಿಂದ 210 ನ್ಯೂಟನ್ ಮೀಟರ್ ವರೆಗೆ, ₹3,000 ಆಸುಪಾಸು ಕೊಟ್ಟಿದ್ದೆ. ಹಿಡಿ ತಿರುಗಿಸಿ ಅಂಕಿ ಇಟ್ಟು ಎಳೆದರೆ ಆ ಮಟ್ಟಕ್ಕೆ ಬಂದಾಗ ಟಕ್ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. "ಇನ್ನೊಂಚೂರು" ಅಂತ ಮತ್ತೆ ಎಳೆದರೆ ರೆಂಚ್ ಇಟ್ಟುಕೊಂಡು ಪ್ರಯೋಜನವೇ ಇಲ್ಲ. ಕೊರತೆಗಳೂ ಇವೆ. ಹಿಡಿ ಮೇಲಿನ ಅಂಕಿಗಳು ಬೇಸ್‌ಮೆಂಟ್ ಬೆಳಕಿನಲ್ಲಿ ಕಾಣುವುದೇ ಇಲ್ಲ, ಟಾರ್ಚ್ ಬೇಕು. ಹಿಡಿಯ ಕೆಳಗಿನ ಲಾಕ್ ಎರಡನೇ ವರ್ಷಕ್ಕೇ ಸಡಿಲವಾಯಿತು, ಬಳಸುವಾಗ ಅದನ್ನು ಕೈಯಲ್ಲಿ ಒತ್ತಿ ಹಿಡಿದುಕೊಳ್ಳಬೇಕು. ಆದರೆ ಅಳತೆ ತಪ್ಪಿಲ್ಲ. ಪೀಣ್ಯದ ಒಂದು ಕ್ಯಾಲಿಬ್ರೇಷನ್ ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಶೇ 4ರ ಒಳಗೇ ಇತ್ತು, ಈ ಥರದ ರೆಂಚ್‌ಗೆ ಐಎಸ್‌ಒ 6789 ಎಂಬ ಅಂತರರಾಷ್ಟ್ರೀಯ ಮಾನದಂಡ ಒಪ್ಪುವ ಮಿತಿಯೂ ಅಷ್ಟೇ. 5,000 ಸಲ ಬಳಸಿದ ಮೇಲೆ ಅಥವಾ ವರ್ಷಕ್ಕೊಮ್ಮೆ ತೋರಿಸಬೇಕು ಅನ್ನುವುದು ಗ್ಯಾರೇಜ್‌ಗಳಿಗೆ ಸರಿ, ಮನೆಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಇದು ಇಷ್ಟು ವರ್ಷ ಬಂದಿರುವುದಕ್ಕೆ ಕಾರಣ ಇಟ್ಟುಕೊಂಡ ರೀತಿ. ಕೆಲಸ ಮುಗಿದ ಕೂಡಲೇ ಕನಿಷ್ಠ ಅಂಕಿಗೆ ಇಳಿಸಿ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಉಳಿದು ಅಳತೆ ಕೆಡುತ್ತದೆ. ಬೋಲ್ಟ್ ಬಿಚ್ಚಲು ಇದನ್ನು ಬಳಸಲೇಬಾರದು, ಅದಕ್ಕೆ ಬೇರೆ ಉದ್ದನೆಯ ಹಿಡಿ ಇಟ್ಟುಕೊಳ್ಳಿ. ಥ್ರೆಡ್‌ಗೆ ಗ್ರೀಸ್, ಎಣ್ಣೆ ಹಚ್ಚಿ ಅದೇ ಅಂಕಿಗೆ ಬಿಗಿದರೆ ಬೋಲ್ಟ್ ನಿಜವಾಗಿ ಇನ್ನೂ ಜಾಸ್ತಿ ಬಿಗಿಯಾಗುತ್ತದೆ. ಮ್ಯಾನ್ಯುಯಲ್‌ನ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್‌ಗೆ ಹೇಳಿದ್ದು.

ಮಾರುತಿ, ಹ್ಯುಂಡೈನಿಂದ ಬಂದವರಿಗೆ ಒಂದು ಮಾತು. ಫಿಯಟ್, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಹಬ್‌ನಿಂದ ಹೊರಬಂದ ಸ್ಟಡ್ ಇಲ್ಲ, ನಟ್ ಇಲ್ಲ, ನೇರವಾಗಿ ಬೋಲ್ಟ್. ಚಕ್ರ ಕೂರಿಸುವಾಗ ಅದನ್ನು ನೇತುಹಾಕಲು ಏನೂ ಇರುವುದಿಲ್ಲ. ಬೋಲ್ಟ್ ಅಳತೆಯ ಒಂದು ಗೈಡ್ ಪಿನ್ ಸಿಗುತ್ತದೆ, ಮೇಲಿನ ರಂಧ್ರಕ್ಕೆ ಹಾಕಿ ಅದರ ಮೇಲೆ ಅಲಾಯ್ ಚಕ್ರ ನೇತುಹಾಕಿದರೆ ಒಬ್ಬರೇ ಆರಾಮಾಗಿ ಕೆಲಸ ಮುಗಿಸಬಹುದು. ಚಕ್ರ ಹಾಕಿ ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ರೆಂಚ್ ಹಿಡಿದು ನೋಡಿ.

ಈ ಒಂದೇ ರೆಂಚ್‌ನಿಂದ ಎಲ್ಲ ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ವಿಷಯ ತಗೊಳ್ಳಿ. ಅಲ್ಯೂಮಿನಿಯಂ ಹೆಡ್‌ನಲ್ಲಿ (ಇಂಜಿನ್‌ನ ಮೇಲ್ಭಾಗ) ವಾಷರ್ ಇರುವ 14 ಎಂಎಂ ಪ್ಲಗ್‌ಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಸಾಕು, ಅದು ದೊಡ್ಡ ರೆಂಚ್‌ನ ತೀರಾ ಕೆಳಗಿನ ತುದಿ, ಅಲ್ಲಿ ಅದನ್ನು ನಂಬಲಾಗುವುದಿಲ್ಲ. ಅದಕ್ಕಾಗಿ 10ರಿಂದ 60 ವರೆಗಿನ ಇನ್ನೊಂದು ಸಣ್ಣ ರೆಂಚ್ ತಂದೆ. ಹೆಡ್‌ನ ಥ್ರೆಡ್ ಹೋದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಈ ಖರ್ಚು ದೊಡ್ಡದಲ್ಲ. ಇಂಜಿನ್ ತಣ್ಣಗಿರುವಾಗ ಮಾತ್ರ ಪ್ಲಗ್ ಬಿಚ್ಚಿ.

ಜಾಕ್ ಮತ್ತು ಸ್ಟ್ಯಾಂಡ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ: ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಒಳಗಿನ ಒಂದು ರಬ್ಬರ್ ಸೀಲ್ ಹೋದರೆ ಕಾರು ಕೆಳಗೆ ಬರುತ್ತದೆ. 2 ಟನ್ ಟ್ರಾಲಿ ಜಾಕ್ ಈ ಗಾತ್ರದ ಕಾರಿಗೆ ಧಾರಾಳ. ಆದರೆ ಮಾಮೂಲಿ ಜಾಕ್ ಇಳಿದಾಗಲೇ 13 ಸೆಂಟಿಮೀಟರ್ ಎತ್ತರ ಇರುತ್ತದೆ, ಸ್ಪ್ರಿಂಗ್ ತಗ್ಗಿಸಿದ ಕಾರಿನ ಕೆಳಗೆ ಅದು ಹೋಗುವುದಿಲ್ಲ. ಅಂಥವರು 9 ಸೆಂಟಿಮೀಟರ್‌ಗೆ ಇಳಿಯುವ ತಗ್ಗು ಜಾಕ್ ಕೇಳಿ. ನನ್ನ ಜಾಕ್ ಈಗ ನಿಧಾನಕ್ಕೆ ಕೆಳಗಿಳಿಯುತ್ತಿದೆ, ಸೀಲ್ ಕಿಟ್ ಹಾಕಿಸಬೇಕು. ಸ್ಟ್ಯಾಂಡ್‌ಗಳು ಮಾತ್ರ ತಂದ ದಿನದ ಹಾಗೇ ಇವೆ. ಅಪಾರ್ಟ್‌ಮೆಂಟ್‌ನಲ್ಲಿರುವವರು ಅಸೋಸಿಯೇಷನ್‌ಗೆ ಮೊದಲೇ ಹೇಳಿ, ಕೆಳಗೆ ದಪ್ಪ ಕಾರ್ಡ್‌ಬೋರ್ಡ್ ಹಾಸಿ, ಒಂದು ತೊಟ್ಟು ಎಣ್ಣೆ ನೆಲಕ್ಕೆ ಬೀಳದ ಹಾಗೆ ನೋಡಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ನಮ್ಮಲ್ಲಿ ಈಗ ಪಕ್ಕದ ಬ್ಲಾಕ್‌ನ ಹುಡುಗರು "ಅಂಕಲ್, ನಾವೂ ನೋಡಬಹುದಾ" ಅಂತ ಬಂದು ನಿಲ್ಲುತ್ತಾರೆ. ನನಗೆ ತುಂಬಾ ಖುಷಿ ಕೊಡುವ ವಿಷಯ ಅದು.

ಓಬಿಡಿ ರೀಡರ್ ಅಂದರೆ ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡುವ ಸಣ್ಣ ಡಬ್ಬಿ. ಸಾವಿರದ ಒಳಗೆ ಸಿಗುತ್ತದೆ. ಟರ್ಬೊ ಕಾರಿನವರಿಗೆ ಇದು ಬೇಕೇ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ಇನ್‌ಟೇಕ್ (ಇಂಜಿನ್‌ಗೆ ಗಾಳಿ ಹೋಗುವ ಜಾಗದ) ಒತ್ತಡ ನೋಡಿದರೆ ಇಲ್ಲಿ 91 ಕೆಪಿಎ (ಕಿಲೋಪ್ಯಾಸ್ಕಲ್) ಆಸುಪಾಸು, ಮಂಗಳೂರಿಗೆ ಇಳಿದರೆ 101 ಹತ್ತಿರ. ಟರ್ಬೊ ಇಲ್ಲದ ಕಾರು ಇಲ್ಲಿ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೊ ಅದನ್ನು ಬಹುಪಾಲು ತುಂಬಿಕೊಡುತ್ತದೆ. ಒಮ್ಮೆ ನಂದಿ ಬೆಟ್ಟ ಹತ್ತುವಾಗ ಕಾರು ಎಳೆಯದೇ ಹೋಯಿತು. ರೀಡರ್ ಪಿ0299 ಅನ್ನುವ ದೋಷ ಸಂಕೇತ ತೋರಿಸಿತು, ಅಂದರೆ ಟರ್ಬೊದಿಂದ ಬೇಕಾದಷ್ಟು ಬೂಸ್ಟ್ (ಹೆಚ್ಚುವರಿ ಗಾಳಿಯ ಒತ್ತಡ) ಬರುತ್ತಿಲ್ಲ ಅಂತ. ಹೊರಗಿನ ಒಂದು ಗ್ಯಾರೇಜ್‌ನಲ್ಲಿ ಟರ್ಬೊನೇ ಹೋಗಿದೆ, ಬದಲಾಯಿಸಬೇಕು ಅಂದರು. ಮನೆಗೆ ಬಂದು ಪೈಪ್‌ಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ. ಇಂಟರ್‌ಕೂಲರ್ (ಟರ್ಬೊದ ಗಾಳಿ ತಣ್ಣಗಾಗಿಸುವ ಭಾಗ) ಹತ್ತಿರ ಒಂದು ಕ್ಲಾಂಪ್ ಸಡಿಲವಾಗಿತ್ತು, ಅಷ್ಟೇ. ಹೊಸ ಕ್ಲಾಂಪ್ ನೂರು ರೂಪಾಯಿಯೂ ಆಗಲಿಲ್ಲ.

ಮಾಡಿಫಿಕೇಷನ್ ಬಗ್ಗೆ ನನ್ನ ನಿಲುವು ಸ್ಪಷ್ಟ. ಒಳ್ಳೆಯ ಟೈರ್, ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಫ್ಲೂಯಿಡ್, ಇಷ್ಟೇ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದು ಗಾಳಿಯಿಂದಲೇ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಬೆಟ್ಟ ಇಳಿಯುವಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಜೋರು ಸದ್ದಿನ ಎಕ್ಸಾಸ್ಟ್, ಬಾಡಿ ಕತ್ತರಿಸುವುದು ಇವೆಲ್ಲ ಬೇಡ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದು. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಇದನ್ನೇ ಮೊದಲು ಹುಡುಕುತ್ತಾರೆ.

ಕೊಳ್ಳುವವರಿಗೆ: ಎಸ್.ಪಿ. ರಸ್ತೆಯಲ್ಲಿ ನೇರವಾಗಿ ಕೈಯಲ್ಲಿ ಹಿಡಿದು ತಗೊಳ್ಳಿ. ಡಬ್ಬಿಯಲ್ಲಿ ಸೀರಿಯಲ್ ನಂಬರ್ ಇರುವ ಪರೀಕ್ಷಾ ಚೀಟಿ ಇದೆಯಾ, ರೆಂಚ್ ಮೇಲೂ ಅದೇ ನಂಬರ್ ಇದೆಯಾ ನೋಡಿ. ಹಿಡಿಯನ್ನು ಕೆಳಗಿನಿಂದ ಮೇಲಿನ ಅಂಕಿಯವರೆಗೆ ಒಮ್ಮೆ ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಜೊತೆಗೆ ಗಟ್ಟಿ ಸಾಕೆಟ್ ತಗೊಳ್ಳಿ, ಅಲಾಯ್‌ಗೆ ಗೀರು ಬೀಳದಂತೆ ಹೊರಗೆ ಪ್ಲಾಸ್ಟಿಕ್ ಹೊದಿಕೆ ಇರುವುದು. ಬಿಲ್ ಕೇಳಿ ಇಸಿದುಕೊಳ್ಳಿ, ನನ್ನ ಸಣ್ಣ ರೆಂಚ್‌ನ ರಾಚೆಟ್ (ಒಂದೇ ದಿಕ್ಕಿಗೆ ತಿರುಗಿಸುವ ತಲೆ) ಹೋದಾಗ ಬಿಲ್ ಇದ್ದದ್ದಕ್ಕೇ ಬದಲಾಯಿಸಿ ಕೊಟ್ಟರು.