ಬ್ರಾಯ್ಲರ್ ಶೆಡ್ಡಿಗೆ ನಿಪ್ಪಲ್ ಲೈನ್: ವಿಜಯಪುರದ ಬಿಸಿಲು, ಸವಳು ನೀರಿನಲ್ಲಿ ಮೂರು ಬೇಸಿಗೆಯ ಬಳಕೆ

ಅಂಕ: 5ಕ್ಕೆ 4

ಶೆಡ್ಡಿನ ಅಳತೆ 30×200 ಅಡಿ. ಉದ್ದ ಪೂರ್ವ-ಪಶ್ಚಿಮಕ್ಕಿದೆ, ಬದಿಗೆ ಮೊಣಕಾಲೆತ್ತರದ ಗೋಡೆ, ಮೇಲೆ ಜಾಲರಿ. ನಿಪ್ಪಲ್ ಲೈನ್ ಎಂದರೆ ಕೋಳಿ ಕಡ್ಡಿಯನ್ನು ಕುಕ್ಕಿದಾಗ ಮಾತ್ರ ನೀರು ಬಿಡುವ ಸಣ್ಣ ಮೂತಿಗಳನ್ನು (ನಿಪ್ಪಲ್) ಸಾಲಾಗಿ ಕೂರಿಸಿದ ನೀರಿನ ಪೈಪು. ಇಲ್ಲಿ ಅಂಥ ಎರಡು ಸಾಲು ಲೈನ್. 10 ಅಡಿಯ ಪ್ರತಿ ಪೈಪಿಗೆ 12 ನಿಪ್ಪಲ್, ಒಟ್ಟು 480. ಬೇಸಿಗೆಯಲ್ಲಿ 5000 ಮರಿ, ಚಳಿಗಾಲದಲ್ಲಿ 5500. ಒಂದು ನಿಪ್ಪಲ್‌ಗೆ 10ರಿಂದ 12 ಕೋಳಿ ಎಂಬ ಲೆಕ್ಕದೊಳಗೇ ಇದೆ. ಇದಕ್ಕೂ ಮೊದಲು ಇದ್ದದ್ದು ಬೆಲ್ ಡ್ರಿಂಕರ್, ಅಂದರೆ ಅಂಚಿನಲ್ಲಿ ನೀರು ನಿಲ್ಲುವ ಗಂಟೆಯಾಕಾರದ ತೆರೆದ ಪಾತ್ರೆ.

ನಿಪ್ಪಲ್ ಹಾಕಿದ ಮಾತ್ರಕ್ಕೆ ಕೋಳಿಯ ತೂಕ ಏರುವುದಿಲ್ಲ. ಹಾಸಿದ ಹೊಟ್ಟನ್ನು ಒಣಗಿದಂತೆ ಇಡುವುದು, ಕುಡಿಯುವ ನೀರಿಗೆ ಹಿಕ್ಕೆ-ಹೊಟ್ಟು ಬೀಳದಂತೆ ತಡೆಯುವುದು, ಇವೆರಡೇ ಅದರ ಕೆಲಸ. ಆದರೆ ಬೆಳವಣಿಗೆಯ ಅರ್ಧ ಕಥೆ ಅಲ್ಲೇ ಇದೆ. ಬೆಲ್ ಡ್ರಿಂಕರಿನ ಸುತ್ತ ಹೊಟ್ಟು ಕೆಸರಾಗಿ, ಆಮೇಲೆ ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಅದರಿಂದ ಏಳುವ ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿತೆಂದರೆ ಕೋಳಿಗೆ ಕಣ್ಣುರಿ, ಉಸಿರಾಟದ ತೊಂದರೆ ಶುರುವಾಗಿ ಫೀಡ್ ತಿನ್ನುವುದು ಕಡಿಮೆಯಾಗುತ್ತದೆ, ಅಂಗಾಲಿನಲ್ಲಿ ಹುಣ್ಣಾಗುತ್ತದೆ. ನಿಂತು ಮೂಸಿದರೆ ಇದು ಗೊತ್ತಾಗದು. ಕೋಳಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ಉಳಿದರೆ ತೇವ ಹೆಚ್ಚಾಗಿದೆ. ನಿಪ್ಪಲ್ ಬಂದ ಮೇಲೆ ಹೊಟ್ಟು ತಿರುವಿ ಹಾಕುವ ಕೆಲಸ ಬಹಳ ಇಳಿದಿದೆ. ಈ ಒಂದು ಕಾರಣಕ್ಕೇ ಹಾಕಿದ ಹಣ ಸಾರ್ಥಕ ಎನ್ನಬಹುದು.

ಇದೆಲ್ಲ ಎತ್ತರ ಮತ್ತು ಒತ್ತಡ ಸರಿ ಇದ್ದಾಗಿನ ಮಾತು. ಮೊದಲ ದಿನ ನಿಪ್ಪಲ್ ಮರಿಯ ಕಣ್ಣಿನ ಮಟ್ಟಕ್ಕಿರಬೇಕು. ಮೂರನೇ ದಿನದಿಂದ ಏರಿಸುತ್ತ ಹೋಗಬೇಕು. ದೊಡ್ಡ ಕೋಳಿ ಪಾದ ಪೂರ್ತಿ ನೆಲಕ್ಕೂರಿ, ಕತ್ತು ಮೇಲೆ ಚಾಚಿ ಕುಡಿಯುವಂತಿರಬೇಕು. ಲೈನ್ ತಗ್ಗಿದ್ದರೆ ಕೋಳಿ ಪಕ್ಕದಿಂದ ಕುಕ್ಕಿ ನೀರು ಚೆಲ್ಲುತ್ತದೆ, ಎತ್ತರವಿದ್ದರೆ ಸಣ್ಣ ಕೋಳಿಗೆ ಸಿಗದೆ ಒಂದೇ ಬ್ಯಾಚಿನಲ್ಲಿ ದೊಡ್ಡದು-ಸಣ್ಣದು ಬೆರೆತು ಹೋಗುತ್ತದೆ. ಲೈನಿನ ಕೆಳಗೆ ಉದ್ದಕ್ಕೂ ಹಸಿ ಪಟ್ಟೆ ಕಂಡರೆ ಒತ್ತಡ ಹೆಚ್ಚಿದೆ ಅಥವಾ ಲೈನ್ ತಗ್ಗಿದೆ. ಒಂದೇ ಜಾಗದಲ್ಲಿ ಹಸಿ ಕಂಡರೆ ಆ ನಿಪ್ಪಲ್ ಸೋರುತ್ತಿದೆ.

ನೀರು ಬರುವ ವೇಗವನ್ನು ವಾರಕ್ಕೊಮ್ಮೆ ಅಳೆಯದೆ ಬಿಡಬಾರದು. ಅಳತೆ ಲೋಟ ಹಿಡಿದು, ನಿಪ್ಪಲ್‌ನ ಕಡ್ಡಿಯನ್ನು ಒಂದು ನಿಮಿಷ ಪಕ್ಕಕ್ಕೆ ಒತ್ತಿ ಹಿಡಿಯಿರಿ. ವಯಸ್ಸಿನ ವಾರವನ್ನು 7ರಿಂದ ಗುಣಿಸಿ 20 ಕೂಡಿಸಿದರೆ ಎಷ್ಟು ಮಿಲಿ ಬರಬೇಕೆಂದು ತಿಳಿಯುತ್ತದೆ: ಮೊದಲ ವಾರ 27, ಮೂರನೇ ವಾರ 41, ಐದನೇ ವಾರ 55. ನಮ್ಮ ಬೇಸಿಗೆಗೆ ಕೊನೆಯ ವಾರಗಳಲ್ಲಿ 70ರ ತನಕ ಇಟ್ಟರೂ ತಪ್ಪಿಲ್ಲ. ಪ್ರತಿ ಲೈನಿನ ಮೊದಲ, ನಡುವಿನ ಮತ್ತು ಕೊನೆಯ ನಿಪ್ಪಲ್ ಮೂರನ್ನೂ ಅಳೆಯಿರಿ. ಕೊನೆಯದರಲ್ಲಿ ಮಾತ್ರ ಕಡಿಮೆ ಬಂದರೆ ಪೈಪಿನೊಳಗೆ ಲೋಳೆ ಕಟ್ಟಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನೀರು ಸಾಲದ ಕೋಳಿ ಕೂಗುವುದಿಲ್ಲ, ಸುಮ್ಮನೆ ಫೀಡ್ ಬಿಡುತ್ತದೆ. ತಂಪು ದಿನಗಳಲ್ಲಿ ಕೋಳಿ ತಿಂದ ಫೀಡಿನ ಎರಡು ಪಟ್ಟು ತೂಕದ ನೀರು ಕುಡಿದರೆ, ಬೇಸಿಗೆಯಲ್ಲಿ ಅದು ಮೂರು ಪಟ್ಟನ್ನೂ ಮೀರುತ್ತದೆ. ಐದನೇ ವಾರ 1000 ಕೋಳಿಗೆ ದಿನಕ್ಕೆ ಸುಮಾರು 160 ಕೆಜಿ ಫೀಡ್ ಎಂದಿಟ್ಟುಕೊಂಡರೂ ಏಪ್ರಿಲ್‌ನಲ್ಲಿ 500 ಲೀಟರ್ ನೀರು ಬೇಕು. ಫೀಡ್ ಸರಿ ಇಲ್ಲ ಎಂದು ದೂರುವ ಎಷ್ಟೋ ಶೆಡ್‌ಗಳಲ್ಲಿ ಮೊದಲು ನೋಡಬೇಕಾದದ್ದು ಕೊನೆಯ ನಿಪ್ಪಲ್.

ಬೇಸಿಗೆಯ ಫೀಡಿಂಗ್ ಕ್ರಮದಲ್ಲಿ ಇದು ಇನ್ನೂ ಸ್ಪಷ್ಟ. ತಿಂದದ್ದು ಜೀರ್ಣವಾಗುವಾಗ ಮೈಯೊಳಗೆ ಶಾಖ ಹುಟ್ಟುತ್ತದೆ. ಹೊರಗೆ 40 ಡಿಗ್ರಿ ಇರುವಾಗ ಆ ಶಾಖವೂ ಸೇರಿದರೆ ಐದು ವಾರದ ಕೋಳಿ ತಡೆಯದು. ಅದಕ್ಕೆ ಬೆಳಿಗ್ಗೆ 10ಕ್ಕೆ ಫೀಡರ್ ಎತ್ತಿ, ಸಂಜೆ 5ಕ್ಕೆ ಇಳಿಸಿ, ರಾತ್ರಿ ಮತ್ತು ನಸುಕಿನಲ್ಲಿ ಲೈಟ್ ಹಾಕಿ ತಿನ್ನಿಸುವುದು. ನೀರು ಮಾತ್ರ ಹಗಲೆಲ್ಲ ಇರಲೇಬೇಕು. ಫೀಡರ್ ಇಳಿಸಿದ ಸ್ವಲ್ಪ ಹೊತ್ತಿಗೆ ಎಲ್ಲ ಕೋಳಿಯೂ ಒಮ್ಮೆಲೇ ನೀರಿಗೆ ಬರುತ್ತವೆ. ಬೆಲ್ ಡ್ರಿಂಕರಿನಲ್ಲಿ ತುಂಬಿದ ನೀರು ಸ್ವಲ್ಪವಾದರೂ ನಿಂತಿರುತ್ತಿತ್ತು, ನಿಪ್ಪಲ್‌ನಲ್ಲಿ ಆ ಆಸರೆ ಇಲ್ಲ. ಒಂದೊಂದು ನಿಪ್ಪಲ್ ಕೆಳಗೆ ನಾಲ್ಕೈದು ಕೋಳಿ ಗುಂಪು ಕಟ್ಟಿ ತಳ್ಳಾಡಿದರೆ ವೇಗ ಸಾಲದು ಎಂದರ್ಥ. ಕರೆಂಟಿನ ಭರವಸೆ ಇಲ್ಲದ ಊರುಗಳಲ್ಲಿ ಸಂಜೆ 4ರೊಳಗೆ ಓವರ್‌ಹೆಡ್ ಟ್ಯಾಂಕ್ ತುಂಬಿರಬೇಕು. 5000 ಕೋಳಿಗೆ 2500 ಲೀಟರ್ ಒಂದೇ ದಿನದ ಲೆಕ್ಕ. ಎರಡು ದಿನದ್ದು ಇಟ್ಟುಕೊಂಡರೆ ನೆಮ್ಮದಿ.

ನೀರಿನ ಬಿಸಿ ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ, ಮಾರುವವರು ಇದನ್ನು ಹೇಳುವುದಿಲ್ಲ. ಸಣ್ಣ ಪೈಪಿನಲ್ಲಿ ನಿಧಾನ ಹರಿಯುವ ನೀರು ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಷ್ಟೇ ಬಿಸಿಯಾಗುತ್ತದೆ, ಬಿಸಿ ನೀರನ್ನು ಕೋಳಿ ಕುಡಿಯುವುದಿಲ್ಲ. ಕಪ್ಪು ಟ್ಯಾಂಕಿಗೆ ಬಿಳಿ ಬಣ್ಣ ಬಳಿದು, ಮೇಲೆ ಚಪ್ಪರ ಹಾಕಿ, ಸುತ್ತ ಹಸಿ ಗೋಣಿಚೀಲ ಸುತ್ತಬೇಕು. ಟ್ಯಾಂಕಿನಿಂದ ಶೆಡ್ಡಿಗೆ ಬರುವ ಪೈಪನ್ನು ಒಂದೂವರೆ ಅಡಿ ಆಳದಲ್ಲಿ ಹೂಳಬೇಕು. 12ರಿಂದ 4ರ ನಡುವೆ ಎರಡು-ಮೂರು ಸಲ ಲೈನಿನ ತುದಿ ಬಿಚ್ಚಿ ಬಿಸಿ ನೀರು ಹೊರಬಿಡಬೇಕು. ಆ ನೀರು ಶೆಡ್ಡಿನೊಳಗೆ ಬೀಳದಂತೆ ಪೈಪ್ ಹೊರಗೆ ಇಳಿಸಿಕೊಳ್ಳಿ.

ಇನ್ನು ಸವಳು. ಡೋಣಿ ಹೊಳೆ ದಂಡೆಯ ಬೋರ್ ನೀರು ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಕರಗಿದ ಲವಣ ಲೀಟರಿಗೆ 1000 ಮಿಗ್ರಾಂ ದಾಟಿದರೆ ಹಿಕ್ಕೆ ನೀರಾಗಬಹುದು. ಆಗ ನಿಪ್ಪಲ್ ಒಂದು ಹನಿ ಸೋರದಿದ್ದರೂ ಹೊಟ್ಟು ಹಸಿಯಾಗುತ್ತದೆ. ಲೈನ್ ಹಾಕುವ ಮೊದಲೇ ನೀರು ಪರೀಕ್ಷೆ ಮಾಡಿಸಿ. ಗಡಸು ನೀರಿನ ಸುಣ್ಣ ನಿಪ್ಪಲ್ ಕಡ್ಡಿಯ ಬುಡದಲ್ಲಿ ಕಟ್ಟಿ ಕೆಲವನ್ನು ಮುಚ್ಚುತ್ತದೆ, ಕೆಲವನ್ನು ಅರ್ಧ ತೆರೆದು ಸೋರಿಸುತ್ತದೆ. ಬ್ಯಾಚ್ ಖಾಲಿಯಾದ ಮೇಲೆ ಲೀಟರಿಗೆ 10ರಿಂದ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ರಾತ್ರಿಯಿಡೀ ಲೈನಿನಲ್ಲಿ ಬಿಡಿ, ಬೆಳಿಗ್ಗೆ ತೊಳೆಯಿರಿ. ಲೋಳೆಗೆ ಬೇರೆ ದಿನ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್. ಆಸಿಡ್ ಜತೆ ಬ್ಲೀಚಿಂಗ್ ಪುಡಿ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕಾಲುವೆ ನೀರಿನವರಿಗೆ ಸವಳಿನ ಕಾಟ ಕಡಿಮೆ, ಆದರೆ ಮಳೆಗಾಲದ ಕೆಂಪು ನೀರಿಗೆ ಫಿಲ್ಟರ್ ದಿನಾ ತೊಳೆಯಬೇಕಾಗುತ್ತದೆ.

ಮರಿ ಬಂದ ದಿನದ ಬೆಲ್ಲದ ನೀರನ್ನು ಲೈನಿಗೆ ಹಾಕಲೇಬೇಡಿ, ಲೋಳೆಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಅದಕ್ಕೆ ಕೈಯಿಂದ ತುಂಬುವ ಚಿಕ್ ಡ್ರಿಂಕರ್ ಇರಲಿ, ಮೂರು ದಿನ ಎರಡೂ ನಡೆಯಲಿ. 24 ತಾಸಿನ ನಂತರ ಮರಿಯ ಕತ್ತಿನ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ಫೀಡೂ ನೀರೂ ಸಿಕ್ಕಿವೆ, ಗಟ್ಟಿ ಇದ್ದರೆ ಮರಿಗೆ ನಿಪ್ಪಲ್ ಇನ್ನೂ ಗೊತ್ತಾಗಿಲ್ಲ. 7ನೇ ದಿನಕ್ಕೆ ಬಂದ ದಿನದ ತೂಕದ 4 ಪಟ್ಟಾದರೂ ಆಗಿರಬೇಕು. ಆಗದಿದ್ದರೆ ಬ್ರೂಡಿಂಗ್ ಶಾಖ (ಮರಿಗೆ ಕೊಡುವ ಕಾವು) ಮತ್ತು ನಿಪ್ಪಲ್ ಎತ್ತರ, ಎರಡನ್ನೂ ಪರೀಕ್ಷಿಸಿ.

ಲಸಿಕೆಯನ್ನು ಲೈನಿನಲ್ಲಿ ಕೊಡುವವರು 48 ತಾಸು ಮೊದಲೇ ಕ್ಲೋರಿನ್ ನಿಲ್ಲಿಸಬೇಕು. ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ತುದಿಯಲ್ಲಿ ಬಿಳಿ ನೀರು ಕಾಣುವವರೆಗೆ ಬಿಟ್ಟು ಮುಚ್ಚಬೇಕು. ಲಸಿಕೆ ಮುಗಿದ ಕೂಡಲೇ ಲೈನ್ ತೊಳೆಯಬೇಕು.

ಒಂದು ಅಂಕ ಕಳೆದದ್ದು ಲೈನ್ ಕೂರಿಸಿದ ರೀತಿಗೆ. ಎರಿ (ಕಪ್ಪು ಮಣ್ಣಿನ) ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ನೆಲವೂ ಕಂಬವೂ ಅದರ ಜತೆಗೇ ಅಲುಗುತ್ತವೆ. ಕೂರಿಸಿದ ದಿನ ಸಮನಾಗಿದ್ದ ಲೈನ್ ಒಂದು ಮಳೆಗಾಲ ಕಳೆದರೆ ಒಂದು ಕಡೆ ಇಳಿದಿರುತ್ತದೆ. ಇಳಿದ ಕಡೆ ಒತ್ತಡ ಹೆಚ್ಚಿ ಸೋರಿಕೆ, ಏರಿದ ಕಡೆ ಗಾಳಿ ತುಂಬಿ ನೀರಿಲ್ಲ. ಪ್ರತಿ ಬ್ಯಾಚಿನ ಮೊದಲು ಗೌಂಡಿಗಳು ಬಳಸುವ ನೀರಿನ ಟ್ಯೂಬಿನಿಂದ ಮಟ್ಟ ನೋಡಿ ಲೈನ್ ತೂಗುಹಾಕಿದ ಹಗ್ಗ ಸರಿಪಡಿಸಬೇಕು. ಪ್ರತಿ 100 ಅಡಿಗೆ ಪ್ರತ್ಯೇಕ ರೆಗ್ಯುಲೇಟರ್ (ನೀರಿನ ಒತ್ತಡ ಹಿಡಿತದಲ್ಲಿಡುವ ಸಾಧನ) ಮತ್ತು ತುದಿಯಲ್ಲಿ ಗಾಳಿ ಹೋಗುವ ಕೊಳವೆ ಕೇಳಿ ಪಡೆಯಿರಿ. ಇವೆರಡನ್ನು ಬಿಟ್ಟು ದರ ಇಳಿಸುವವರಿದ್ದಾರೆ. ಕೊಳ್ಳುವಾಗಲೇ 25 ನಿಪ್ಪಲ್, ಒಂದು ರೆಗ್ಯುಲೇಟರಿನ ರಬ್ಬರ್ ಪೊರೆ ಹೆಚ್ಚುವರಿ ತೆಗೆದಿಟ್ಟುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಪೊರೆ ಹರಿದರೆ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಕೋಳಿ ಕಾಯುವುದಿಲ್ಲ.