ಅಡಿಕೆ ಕೋಣೆಗೊಂದು, ಮನೆಗೊಂದು: ಎರಡು ಅಕಾರಾ ಹಬ್ ಎಂ2ಗಳ ಒಂದು ವರ್ಷದ ಬಳಕೆ

ಪುತ್ತೂರಿನ ಸಮೀಪದ ನಮ್ಮ ಹಳೆಯ ಮನೆಗೆ ಅಕಾರಾ ಕಂಪನಿಯ ಹಬ್ ಎಂ2 (ಮನೆಯ ಸೆನ್ಸರ್, ಪ್ಲಗ್, ದೀಪಗಳನ್ನು ತಂತಿಯಿಲ್ಲದೆ ಬೆಸೆದು ನಡೆಸುವ ಪೆಟ್ಟಿಗೆ) ಬಂದದ್ದು ದೀಪಗಳಿಗಾಗಿ ಅಲ್ಲ, ಅಡಿಕೆಗಾಗಿ. ಚಾಲಿ ಅಡಿಕೆಯನ್ನು ಒಳ್ಳೆಯ ಧಾರಣೆ ಬರುವವರೆಗೆ ದಾಸ್ತಾನು ಇಡುವ ಕೋಣೆ ಅಂಗಳದ ಆಚೆ ಬದಿಯಲ್ಲಿ, ಮನೆಯಿಂದ ಸುಮಾರು 35 ಮೀಟರ್ ದೂರದಲ್ಲಿದೆ. ಮಳೆಗಾಲದಲ್ಲಿ ಅಲ್ಲಿ ತೇವ ಏರಿದರೆ ಗೋಣಿಯೊಳಗಿನ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಮಾಡಿನ ಸಂದಿನಿಂದ ಒಂದು ರಾತ್ರಿ ನೀರು ಸೋರಿದರೂ ನಷ್ಟ ಸಣ್ಣದಲ್ಲ. ಆ ಕೋಣೆಯ ತೇವಾಂಶವನ್ನು ಅಳೆಯುವ ಒಂದು ಸೆನ್ಸರ್, ಸೋರಿಕೆಯನ್ನು ಗುರುತಿಸುವ ಎರಡು ಸೆನ್ಸರ್‌ಗಳು, ಗಾಳಿ ಹೊರಹಾಕುವ ಫ್ಯಾನ್‌ಗೆ ಒಂದು ಸ್ಮಾರ್ಟ್ ಪ್ಲಗ್ – ನಮ್ಮ ಅಗತ್ಯ ಇಷ್ಟೇ ಆಗಿತ್ತು. ಇಷ್ಟನ್ನು ಸಾಧಿಸಲು ಕೊನೆಗೆ ಎರಡು ಹಬ್‌ಗಳು ಬೇಕಾದವು; ಆದರೆ ಎರಡನೆಯದನ್ನು ನಾನು ಮೊದಲು ತಪ್ಪು ಕಾರಣಕ್ಕೆ ಕೊಂಡು, ತಪ್ಪು ಜಾಗದಲ್ಲಿ ಇಟ್ಟಿದ್ದೆ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಎಂ2 ಅಂಗೈಯಗಲದ, ದುಂಡನೆಯ ಕಪ್ಪು ಪೆಟ್ಟಿಗೆ. ಹಿಂಬದಿಯಲ್ಲಿ ಈಥರ್ನೆಟ್ ಕಿಂಡಿ ಮತ್ತು ಮೈಕ್ರೋ ಯುಎಸ್‌ಬಿ ವಿದ್ಯುತ್ ಕಿಂಡಿ ಇವೆ. ಒಳಗೆ ಜಿಗ್‌ಬೀ 3.0 (ಇಂಥ ಸಾಧನಗಳು ಪರಸ್ಪರ ಮಾತಾಡುವ ರೇಡಿಯೋ ವಿಧಾನ), ಬ್ಲೂಟೂತ್, 2.4 ಗಿಗಾಹರ್ಟ್ಸ್ ವೈಫೈ, ಎಸಿ ಮತ್ತು ಟಿವಿಗಳಿಗೆ ಬೇಕಾದ ಇನ್‌ಫ್ರಾರೆಡ್ ಹಾಗೂ ಎಚ್ಚರಿಕೆಯ ಸದ್ದಿಗೆ ಒಂದು ಸಣ್ಣ ಸ್ಪೀಕರ್ ಇವೆ. ನೇರವಾಗಿ 32 ಸಾಧನಗಳು, ನಡುವೆ ಸಂದೇಶ ದಾಟಿಸುವ ಪುನರಾವರ್ತಕಗಳಿದ್ದರೆ 128ರವರೆಗೆ ಎಂಬುದು ಇದರ ಮಿತಿ. ಸಾಮಾನ್ಯ ಮನೆಯೊಂದು ಈ ಮಿತಿಯನ್ನು ಮುಟ್ಟುವುದು ಅಪರೂಪ. ಹಾಗಾಗಿ ಎರಡನೆಯ ಹಬ್ಬಿನ ಅಗತ್ಯ ನಮ್ಮಂಥವರಿಗೆ ಬೀಳುವುದು ಸಾಧನಗಳ ಸಂಖ್ಯೆಯಿಂದಲ್ಲ, ಗೋಡೆಗಳಿಂದ.

ನಮ್ಮದು ಮುರಕಲ್ಲಿನ ಗೋಡೆಗಳ ಮನೆ. ಹೊರಗೋಡೆಗಳ ದಪ್ಪ ಒಂದಡಿಗೂ ಹೆಚ್ಚು. ಜಿಗ್‌ಬೀ ನಡೆಯುವುದು ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ, ಆದರೆ ಬಹಳ ಕಡಿಮೆ ಶಕ್ತಿಯಲ್ಲಿ. ಗುಂಡಿಯಂಥ ಬ್ಯಾಟರಿಯೊಂದರಿಂದ ಸೆನ್ಸರ್ ಒಂದೆರಡು ವರ್ಷ ಬದುಕುವುದು ಇದೇ ಕಾರಣಕ್ಕೆ. ಈ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಏಪ್ರಿಲ್‌ನಲ್ಲಿ ಒಣಗಿದ್ದ ಗೋಡೆ ಜುಲೈಯಲ್ಲಿ ನೀರು ಕುಡಿದು ನಿಂತಾಗ, ಬೇಸಿಗೆಯಲ್ಲಿ ಹೇಗೋ ತಲುಪುತ್ತಿದ್ದ ಸಂಕೇತ ನಿಂತೇಹೋಗುವುದು ನನ್ನ ಅನುಭವ. ಅಡಿಕೆ ಕೋಣೆಯ ಸೆನ್ಸರ್ ಸುಮ್ಮನಾಗುತ್ತಿದ್ದದ್ದು ಅದು ಹೆಚ್ಚು ಬೇಕಾದ ತಿಂಗಳುಗಳಲ್ಲಿಯೇ.

ಮೊದಲಿಗೆ ಮಾಡಿದ್ದು ಎಲ್ಲರೂ ಸೂಚಿಸುವ ಉಪಾಯ: ನಡುದಾರಿಯಲ್ಲಿ ಒಂದು ಸ್ಮಾರ್ಟ್ ಪ್ಲಗ್. ಮನೆಯ ಕರೆಂಟಿನಿಂದ ನಡೆಯುವ ಜಿಗ್‌ಬೀ ಸಾಧನಗಳು ಸಾಮಾನ್ಯವಾಗಿ ಇತರರ ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ, ಬ್ಯಾಟರಿಯವು ದಾಟಿಸುವುದಿಲ್ಲ. ಜಗಲಿಯಲ್ಲಿಟ್ಟ ಪ್ಲಗ್ ಮೇ ತಿಂಗಳ ಕೊನೆಯವರೆಗೆ ಈ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಆಮೇಲೆ ಮಳೆ ಬಂತು. ಅದಕ್ಕಿಂತ ಮುಖ್ಯವಾಗಿ, ಜಗಲಿಯ ಸಾಕೆಟ್ ಇಸ್ತ್ರಿಪೆಟ್ಟಿಗೆಗೂ ಬೇಕಾಯಿತು. ಪ್ಲಗ್ಗನ್ನು ಕಿತ್ತ ದಿನವೆಲ್ಲ ಕೋಣೆಯ ಸೆನ್ಸರ್‌ಗಳು ಅನಾಥ. ಸ್ಮಾರ್ಟ್ ಬಲ್ಬುಗಳನ್ನೇ ನಂಬಿದವರ ಪಾಡೂ ಇದೇ: ಮನೆಯ ಹಿರಿಯರು ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುತ್ತಾರೆ, ಬಲ್ಬಿನ ಜತೆಗೆ ಅದರ ಮೇಲೆ ನಿಂತಿದ್ದ ಜಾಲದ ಕೊಂಡಿಯೂ ಆರುತ್ತದೆ. ದೀಪ ಆರಿಸುವ ಅಭ್ಯಾಸವನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆಗ ಅಂಗಡಿಯೊಂದರಲ್ಲಿ ಸಿಕ್ಕ ಸಲಹೆ, 'ಇನ್ನೊಂದು ಹಬ್ ಹಾಕಿ, ರೇಂಜ್ ದುಪ್ಪಟ್ಟಾಗುತ್ತದೆ' ಎಂಬುದು. ಎರಡನೆಯ ಎಂ2 ತಂದು, ಈಥರ್ನೆಟ್ ತಂತಿ ಅಲ್ಲಿಯವರೆಗೆ ಮಾತ್ರ ಇದ್ದುದರಿಂದ, ಜಗಲಿಗೆ ತಾಗಿದ ಕೋಣೆಯಲ್ಲಿ ಇಟ್ಟೆ. ಸೆನ್ಸರ್‌ಗಳು ತಾವಾಗಿಯೇ ಹತ್ತಿರದ ಹಬ್ಬನ್ನು ಆರಿಸಿಕೊಳ್ಳುತ್ತವೆ, ಮೊಬೈಲು ಒಂದು ಟವರ್‌ನಿಂದ ಇನ್ನೊಂದಕ್ಕೆ ಜಿಗಿಯುವಂತೆ, ಎಂದು ಭಾವಿಸಿದ್ದೆ. ವಾರ ಕಳೆದರೂ ಒಂದೇ ಒಂದು ಸೆನ್ಸರ್ ಜಾಗ ಬದಲಿಸಲಿಲ್ಲ.

ಬದಲಿಸುವುದು ಸಾಧ್ಯವೂ ಇರಲಿಲ್ಲ. ಜಿಗ್‌ಬೀ ಜಾಲವೊಂದಕ್ಕೆ ಸಂಯೋಜಕ ಒಂದೇ. ಹಬ್ ಎಂದರೆ ಆ ಸಂಯೋಜಕ. ಪ್ರತಿ ಹಬ್ ತನ್ನದೇ ಗುರುತಿನ, ತನ್ನದೇ ಗುಪ್ತಕೀಲಿಯ ಜಾಲವನ್ನು ಕಟ್ಟುತ್ತದೆ. ಒಂದು ಜಾಲಕ್ಕೆ ಸೇರಿದ ಸೆನ್ಸರ್‌ಗೆ ಪಕ್ಕದಲ್ಲೇ ಇರುವ ಇನ್ನೊಂದು ಹಬ್ ಅಪರಿಚಿತ. ಒಂದು ಮನೆಯ ಬೀಗದ ಕೈ ನೆರೆಮನೆಗೆ ಹೊಂದದಿರುವಂತೆಯೇ ಇದು. ಜಾಲ ಬದಲಿಸಬೇಕೆಂದರೆ ಸೆನ್ಸರನ್ನು ಹಳೆಯ ಹಬ್ಬಿನಿಂದ ತೆಗೆದು, ಅದರ ಗುಂಡಿಯನ್ನು ಒತ್ತಿ ಹಿಡಿದು, ಹೊಸ ಹಬ್ಬಿಗೆ ಕೈಯಾರೆ ಸೇರಿಸಬೇಕು. ಅದರ ಹೆಸರಿನಲ್ಲಿ ಬರೆದಿದ್ದ ನಿಯಮಗಳನ್ನೂ ಹೊಸದಾಗಿ ಬರೆಯಬೇಕು. ಅಂದರೆ ಎರಡನೆಯ ಹಬ್ ಜಾಲವನ್ನು ಉದ್ದ ಮಾಡುವುದಿಲ್ಲ, ಇನ್ನೊಂದು ಜಾಲವನ್ನು ಹುಟ್ಟಿಸುತ್ತದೆ. ಜಾಲವನ್ನು ಉದ್ದ ಮಾಡುವುದು ಪ್ಲಗ್ಗುಗಳ ಕೆಲಸ, ಮತ್ತು ಹಬ್ಬಿನ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಬಹಳ ಕಡಿಮೆ.

ಹಾಗಾದರೆ ಎರಡನೆಯ ಹಬ್ಬಿಗೆ ಸರಿಯಾದ ಜಾಗ ಯಾವುದು? ರೇಡಿಯೋ ಅಲೆ ನೆಚ್ಚುವಂತೆ ದಾಟಲಾರದ, ಆದರೆ ತಂತಿ ದಾಟಬಲ್ಲ ಜಾಗ. ನಮ್ಮ ಅಂಗಳ ಅಂಥದ್ದೇ. ಹಬ್ಬನ್ನು ಅಡಿಕೆ ಕೋಣೆಯೊಳಗೇ ಇಟ್ಟು, ಮನೆಯ ರೂಟರ್‌ನಿಂದ ಅಲ್ಲಿಗೆ ತಂತಿ ಎಳೆಯುವುದೆಂದು ತೀರ್ಮಾನವಾಯಿತು.

ಇಲ್ಲಿ ಕರಾವಳಿ ಮತ್ತು ಮಲೆನಾಡಿನವರು ಕಿವಿಗೊಡಬೇಕಾದ ಮಾತೊಂದಿದೆ. ತಾಮ್ರದ ಈಥರ್ನೆಟ್ ತಂತಿ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ, ಆದ್ದರಿಂದ 35 ಮೀಟರ್ ಅದಕ್ಕೆ ಲೆಕ್ಕವಲ್ಲ. ಆದರೆ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಹಾಯುವ ತಾಮ್ರವೆಂದರೆ ಸಿಡಿಲಿಗೆ ಕೊಟ್ಟ ಆಹ್ವಾನ. ನೇರವಾಗಿ ಬಡಿಯಬೇಕೆಂದೇನೂ ಇಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ತಂತಿಯಲ್ಲಿ ಹುಟ್ಟುವ ಒತ್ತಡವು ಎರಡೂ ತುದಿಯ ಸಾಧನಗಳನ್ನು ಸುಡಬಲ್ಲದು. ಮುಂಗಾರಿನ ಮುಂಚಿನ ಗುಡುಗಿಗೆ ಮೋಡೆಮ್ಮಿನ ತಂತಿ ಕಿತ್ತಿಡುವ ಅಭ್ಯಾಸ ನಮ್ಮ ಊರುಗಳಲ್ಲಿ ಸುಮ್ಮನೆ ಬೆಳೆದದ್ದಲ್ಲ. ಆದ್ದರಿಂದ ಲೋಹವಿಲ್ಲದ ಫೈಬರ್ ಎಳೆಯನ್ನು ಪೈಪಿನೊಳಗೆ ಹೂಳಿಸಿ, ಎರಡೂ ತುದಿಯಲ್ಲಿ ಬೆಳಕಿನ ಸಂಕೇತವನ್ನು ಈಥರ್ನೆಟ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇಟ್ಟೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಇದರ ಬೆಲೆ ತೆರಬೇಕಾದದ್ದು ಇನ್ನೊಂದು ರೀತಿಯಲ್ಲಿ: ಫೈಬರ್‌ನ ಮೂಲಕ ಹಬ್ಬಿಗೆ ವಿದ್ಯುತ್ ಕಳುಹಿಸಲಾಗದು. ತಾಮ್ರವಾಗಿದ್ದರೆ ಮನೆಯ ಇನ್ವರ್ಟರ್‌ನ ಆಸರೆಯಿಂದಲೇ, ಪಿಒಇ ಎಂಬ ವಿಧಾನದಲ್ಲಿ, ಅದೇ ತಂತಿಯಲ್ಲಿ ವಿದ್ಯುತ್ತನ್ನೂ ಕೊಡಬಹುದಿತ್ತು (ಎಂ2ನಲ್ಲಿ ಆ ಸೌಲಭ್ಯ ನೇರವಾಗಿ ಇಲ್ಲ, ನಡುವೆ ವಿದ್ಯುತ್ತನ್ನು ಬೇರ್ಪಡಿಸುವ ಸ್ಪ್ಲಿಟ್ಟರ್ ಬೇಕು, ನಂತರದ ಎಂ3ರಲ್ಲಿ ಇದೆ). ನಾನು ಕೋಣೆಯಲ್ಲಿ ಕನ್ವರ್ಟರ್ ಮತ್ತು ಹಬ್ ಎರಡಕ್ಕೂ ಸೇರಿ ಒಂದು ಪುಟ್ಟ ಡಿಸಿ ಯುಪಿಎಸ್ ಇಟ್ಟಿದ್ದೇನೆ. ಗಾಳಿಮಳೆಯ ರಾತ್ರಿ ಕರೆಂಟ್ ಹೋದಾಗ ಫ್ಯಾನ್ ಹೇಗೂ ತಿರುಗದು, ಆದರೆ ಸೋರಿಕೆಯ ಎಚ್ಚರಿಕೆ ಬಂದೇ ಬರಬೇಕಲ್ಲ.

ಹೀಗೆ ಇಟ್ಟ ಮೇಲೆ ಎಂ2ನ ಗುಣ ಕಾಣಿಸಿತು. ಒಂದೇ ಖಾತೆಯಲ್ಲಿ, ಒಂದೇ 'ಮನೆ'ಯ ಅಡಿಯಲ್ಲಿ ಎರಡೂ ಹಬ್‌ಗಳು ಕಾಣುತ್ತವೆ; ಒಂದರ ಸೆನ್ಸರ್ ಇನ್ನೊಂದರ ಸಾಧನವನ್ನು ಚಾಲೂ ಮಾಡುವ ನಿಯಮವನ್ನು ಆ್ಯಪ್‌ನಲ್ಲಿ ಬರೆಯಬಹುದು. ಕೋಣೆಯಲ್ಲಿ ನೀರು ಸೋರಿದರೆ ಮನೆಯ ಹಬ್ಬಿನ ಸ್ಪೀಕರ್ ಕೂಗುತ್ತದೆ. ಜಾಲಗಳು ಎರಡಾದರೂ ಬಳಸುವವರಿಗೆ ಒಂದಾಗಿ ತೋರುವುದು ಈ ಮೇಲಿನ ಹಂತದಲ್ಲಿ, ರೇಡಿಯೋದ ಹಂತದಲ್ಲಲ್ಲ.

ಈ ವ್ಯತ್ಯಾಸ ತಿಳಿದವರು ಸಾಧನಗಳನ್ನು ಹಂಚುವಾಗ ಒಂದು ಎಚ್ಚರ ವಹಿಸಬೇಕು. ಫ್ಯಾನ್ ಯಾವಾಗ ತಿರುಗಬೇಕೆಂಬ ನಮ್ಮ ನಿಯಮಕ್ಕೆ ಒಳಗಿನ ತೇವಾಂಶವಷ್ಟೇ ಸಾಲದು. ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದಾಗ ಮಾತ್ರ ಫ್ಯಾನ್‌ನಿಂದ ಪ್ರಯೋಜನ, ಇಲ್ಲವಾದರೆ ಜಡಿಮಳೆಯ ತೇವವನ್ನೇ ಒಳಗೆ ಎಳೆದುಕೊಂಡಂತೆ. ಹೊರಗಿನ ಸೆನ್ಸರನ್ನು ಮೊದಲು ಮನೆಯ ಜಗಲಿಯಲ್ಲಿ, ಮನೆಯ ಹಬ್ಬಿಗೆ ಸೇರಿಸಿ ಇಟ್ಟಿದ್ದೆ. ಹಾಗೆ ಮಾಡಿದಾಗ ಒಂದು ನಿಯಮದ ಎರಡು ಕಾಲುಗಳು ಎರಡು ಹಬ್‌ಗಳಲ್ಲಿ ನಿಲ್ಲುತ್ತವೆ, ನಡುವಿನ ಮಾತುಕತೆಗೆ ಮೂರನೆಯದೊಂದರ (ರೂಟರ್ ಅಥವಾ ಕಂಪನಿಯ ಸರ್ವರ್‌ನ) ಹಂಗು ಬೇಕಾಗುತ್ತದೆ. ಸೆನ್ಸರ್, ಫ್ಯಾನ್‌ನ ಪ್ಲಗ್ ಎಲ್ಲವೂ ಒಂದೇ ಹಬ್ಬಿನಲ್ಲಿದ್ದರೆ ಇಂಟರ್ನೆಟ್ ಇಲ್ಲದಾಗಲೂ ನಿಯಮ ಆ ಹಬ್ಬಿನೊಳಗೇ ನಡೆಯುತ್ತದೆ. ಆದ್ದರಿಂದ ಹೊರಗಿನ ಸೆನ್ಸರ್ ಈಗ ಅಡಿಕೆ ಕೋಣೆಯದೇ ಸೂರಿನಡಿ ತೂಗುತ್ತಿದೆ. ಯಾವ ಸಾಧನ ಯಾವ ಹಬ್ಬಿಗೆ ಎಂಬುದನ್ನು ದೂರದಿಂದಲ್ಲ, ಯಾವುದು ಯಾವುದರ ಜತೆ ಕೆಲಸ ಮಾಡಬೇಕು ಎಂಬುದರಿಂದ ನಿರ್ಧರಿಸುವುದು ಮೇಲು.

ಇನ್ನು ವೈಫೈ ಜತೆಗಿನ ಜಗಳ. ಜಿಗ್‌ಬೀಗೆ 11ರಿಂದ 26ರವರೆಗೆ 16 ಚಾನಲ್‌ಗಳಿವೆ. ವೈಫೈ 1, 6, 11ನೆಯ ಚಾನಲ್‌ಗಳಲ್ಲಿ ನಿಂತರೆ ಜಿಗ್‌ಬೀಯ 15, 20, 25 ಮತ್ತು 26 ಹೆಚ್ಚುಕಡಿಮೆ ನಿರಾಳವಾಗಿ ಉಳಿಯುತ್ತವೆ. ಫಿಲಿಪ್ಸ್ ಹ್ಯೂ ದೀಪಗಳ ಹಬ್ ಆದ ಹ್ಯೂ ಬ್ರಿಡ್ಜ್‌ನಂಥವುಗಳಲ್ಲಿ ಜಿಗ್‌ಬೀ ಚಾನಲ್ ಬದಲಿಸುವ ಗುಂಡಿ ಆ್ಯಪ್‌ನಲ್ಲೇ ಇದೆ. ಅಂಥ ಆಯ್ಕೆ ಸಿಗದ ಕಡೆ ರೂಟರನ್ನೇ ಬಗ್ಗಿಸಬೇಕು: ವೈಫೈ ಚಾನಲ್ಲನ್ನು ತನ್ನಷ್ಟಕ್ಕೆ ಬದಲಾಗಲು ಬಿಡದೆ ಒಂದಕ್ಕೆ ಕಟ್ಟಿಹಾಕಿ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನಲ್ಲಿನ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ, ಹಬ್ಬನ್ನು ರೂಟರ್‌ನಿಂದ ಕನಿಷ್ಠ ಒಂದು ಮೀಟರ್ ದೂರ ಸರಿಸಬೇಕು. ಎರಡು ಹಬ್ ಇಡುವವರು ಇದನ್ನು ಎರಡೂ ಕಡೆ ಮಾಡಬೇಕು. ಹಬ್ಬನ್ನು ಕಬ್ಬಿಣದ ಕಪಾಟಿನ ಮೇಲೋ ಟಿವಿಯ ಹಿಂದೆಯೋ ಇಡದಿರುವುದು ಹೇಳದೆಯೇ ತಿಳಿಯಬೇಕಾದ ಮಾತು, ಆದರೂ ನಾನು ಇಟ್ಟಿದ್ದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಎರಡು-ಮೂರು ಕೋಣೆಗಳ ಫ್ಲ್ಯಾಟಿನಲ್ಲಿ ಇರುವವರಿಗೆ ಎರಡನೆಯ ಹಬ್ಬನ್ನು ನಾನು ಸೂಚಿಸಲಾರೆ. ಒಂದು ಹಬ್ ಮನೆಯ ನಡುವೆ, ಯಾರೂ ಕೀಳದ ಸಾಕೆಟ್‌ಗಳಲ್ಲಿ ಎರಡು ಪ್ಲಗ್ ಇದ್ದರೆ ಬಹುತೇಕ ಸಾಕು. ಫ್ರಿಜ್ಜಿನ ಹಿಂದಿನ ಸಾಕೆಟ್ ಯಾರೂ ಕೀಳದ್ದೇನೋ ಹೌದು, ಆದರೆ ಲೋಹದ ಮರೆಯಲ್ಲಿದೆ ಎಂಬುದನ್ನು ಮರೆಯಬಾರದು. ಸ್ವಿಚ್‌ಬೋರ್ಡಿನೊಳಗೆ ಕೂರುವ ಮಾಡ್ಯೂಲ್‌ಗಳನ್ನು ಕೊಳ್ಳುವುದಾದರೆ ನ್ಯೂಟ್ರಲ್ ತಂತಿ ಬೇಡುವ ಬಗೆಯನ್ನೇ ಆರಿಸಿ, ಏಕೆಂದರೆ ನ್ಯೂಟ್ರಲ್ ಇಲ್ಲದೆ ನಡೆಯುವವು ಸಾಮಾನ್ಯವಾಗಿ ಸಂದೇಶವನ್ನು ಮುಂದಕ್ಕೆ ದಾಟಿಸುವುದಿಲ್ಲ. ನಮ್ಮ ಕಡೆಯ ಬೋರ್ಡುಗಳಲ್ಲಿ ಸ್ವಿಚ್ಚಿನ ಜತೆಗೇ ಸಾಕೆಟ್ ಇರುವುದು ಹೆಚ್ಚು. ಸಾಕೆಟ್ ಇದ್ದಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ.

ಬರೀ ದೀಪಗಳ ದೊಡ್ಡ ಮನೆಯಾದರೆ ಲೆಕ್ಕ ಬೇರೆ. ಹ್ಯೂ ಬ್ರಿಡ್ಜ್‌ನ ಹಳೆಯ ಮಾದರಿ ಸುಮಾರು 50 ದೀಪಗಳಿಗೆ ನಿಲ್ಲುತ್ತದೆ, ಅಲ್ಲಿ ಎರಡನೆಯದು ಸಂಖ್ಯೆಗಾಗಿಯೇ ಬೇಕಾಗುತ್ತಿತ್ತು. 2025ರಲ್ಲಿ ಬಂದ ಬ್ರಿಡ್ಜ್ ಪ್ರೋ ಆ ಮಿತಿಯನ್ನು 150ಕ್ಕೆ ಏರಿಸಿದೆ.

ಈಗ ಹೊಸದಾಗಿ ಕೊಳ್ಳುವುದಾಗಿದ್ದರೆ ನಾನು ಎಂ2 ಬದಲು ಥ್ರೆಡ್ ಎಂಬ ಇನ್ನೊಂದು ರೇಡಿಯೋ ಜಾಲದ ವಿಧಾನ ಇರುವ ಹಬ್‌ಗಳನ್ನು, ಅದೇ ಕಂಪನಿಯ ಎಂ3 ಸೇರಿದಂತೆ, ಮೊದಲು ನೋಡುತ್ತಿದ್ದೆ. ಥ್ರೆಡ್ ಬಳಸುವುದು ಜಿಗ್‌ಬೀಗಿರುವ 802.15.4 ಎಂಬ ಮಾನದಂಡದ ರೇಡಿಯೋವನ್ನೇ, ಆದರೆ ಅದರಲ್ಲಿ ಒಂದೇ ಜಾಲಕ್ಕೆ ಹಲವು ಬಾರ್ಡರ್ ರೂಟರ್‌ಗಳು (ಆ ಜಾಲವನ್ನು ಮನೆಯ ವೈಫೈ ಅಥವಾ ಈಥರ್ನೆಟ್‌ಗೆ ಜೋಡಿಸುವ ಸಾಧನಗಳು) ಇರಬಹುದು, ಒಂದು ಕೆಟ್ಟರೆ ಇನ್ನೊಂದು ಆ ಕೆಲಸ ವಹಿಸಿಕೊಳ್ಳುತ್ತದೆ. ನಾನು ಎರಡು ಜಿಗ್‌ಬೀ ಹಬ್‌ಗಳಿಂದ ನಿರೀಕ್ಷಿಸಿದ್ದು ಇದನ್ನೇ. ಬೇರೆ ಬೇರೆ ಕಂಪನಿಗಳ ಬಾರ್ಡರ್ ರೂಟರ್‌ಗಳು ತಮ್ಮದೇ ಜಾಲ ಕಟ್ಟಿಕೊಂಡು ಕೂರುವ ತೊಡಕನ್ನು ನೀಗಿಸಲು 2024ರ ಥ್ರೆಡ್ 1.4 ಆವೃತ್ತಿ ಕೀಲಿ ಹಂಚಿಕೆಗೆ ಸಮಾನ ವಿಧಾನವನ್ನು ತಂದಿದೆ. ಆದರೆ ಥ್ರೆಡ್ ಹಬ್ ಕೊಂಡ ಮಾತ್ರಕ್ಕೆ ಕೈಯಲ್ಲಿರುವ ಜಿಗ್‌ಬೀ ಸೆನ್ಸರ್‌ಗಳು ಥ್ರೆಡ್ ಆಗುವುದಿಲ್ಲ. ನಮ್ಮ ಹಳೆಯ ಸೆನ್ಸರ್‌ಗಳಿಗಾಗಿ ಎಂ2ಗಳು ಇನ್ನೂ ಕೆಲವು ಮಳೆಗಾಲ ಕಾಣಲಿವೆ.

ಒಂದು ವರ್ಷದಲ್ಲಿ ಅಡಿಕೆ ಕೋಣೆಯ ಸೆನ್ಸರ್‌ಗಳು ಜಾಲದಿಂದ ತಪ್ಪಿದ್ದು ಒಮ್ಮೆ, ಅದೂ ಯುಪಿಎಸ್ ಖಾಲಿಯಾದ ದಿನ. ಆಗಸ್ಟ್‌ನ ಒಂದು ನಸುಕಿನಲ್ಲಿ ಸೋರಿಕೆಯ ಎಚ್ಚರಿಕೆ ಬಂದು, ಹೋಗಿ ನೋಡಿದರೆ ಹಂಚು ಸರಿದು ಎರಡು ಚೀಲಗಳ ಮೇಲೆ ನೀರು ಬೀಳುತ್ತಿತ್ತು. ಉಳಿದವನ್ನು ಸರಿಸಲು ಸಮಯ ಸಿಕ್ಕಿತು. ತೋಟದ ಕೆಳಗಿನ ಪಂಪ್ ಶೆಡ್ಡಿಗೂ ಮೂರನೆಯ ಹಬ್ ಹಾಕಬಾರದೇ ಎಂದು ಮನೆಯಲ್ಲಿ ಕೇಳಿದರು. ಅದು 300 ಮೀಟರ್ ಇಳಿಜಾರು, ಅಲ್ಲಿರುವುದು ಒಂದೇ ಮೋಟಾರು. ಸಿಮ್ ಹಾಕಿ ಫೋನಿನಿಂದ ಚಾಲೂ ಮಾಡುವ ಹಳೆಯ ಸ್ಟಾರ್ಟರೇ ಅಲ್ಲಿ ಮುಂದುವರಿದಿದೆ.