ಗಿಟಾರ್ ಬ್ರಿಡ್ಜ್‌ಗೆ ಬಿಳಿ ಅಂಟೋ, ತೊಗಲಿನ ಅಂಟೋ?

ನನ್ನ ಮತ ತೊಗಲಿನ ಅಂಟಿಗೇ. ಹೋದ ವರ್ಷದ ಏಪ್ರಿಲ್‌ನಲ್ಲಿ ಆದದ್ದು ಕೇಳಿದರೆ ಯಾಕೆ ಅಂತ ತಿಳಿಯುತ್ತದೆ.

ಕಿಟ್ ತರಿಸಿ ನಾನೇ ಕಟ್ಟಿದ ಮೊದಲ ಗಿಟಾರ್ ಅದು. ನಾಲ್ಕು ತಿಂಗಳು, ದಿನಾ ರಾತ್ರಿ ಕೂತು ಮಾಡಿದ್ದು. ಬ್ರಿಡ್ಜ್ ಅಂದರೆ ತಂತಿಗಳ ಬುಡ ಹಿಡಿದಿಡುವ, ಮೇಲಿನ ಹಲಗೆಗೆ ಅಂಟಿಸಿದ ಮರದ ಪಟ್ಟಿ. ಅದಕ್ಕೆ ಬಡಗಿಗಳು ಬಳಸುವ ಬಿಳಿ ಅಂಟನ್ನೇ ಹಚ್ಚಿದ್ದೆ. ವಿಜಯಪುರದಿಂದ ಬಾಗಲಕೋಟೆಗೆ, ಅಕ್ಕನ ಮನೆಗೆ ಒಯ್ದೆ. ಊಟ ಮುಗಿಯುವ ತನಕ ಗಿಟಾರ್ ಕಾರಿನಲ್ಲಿ, ಕಾರು ಬಿಸಿಲಲ್ಲಿ. ತೆಗೆದು ನೋಡಿದರೆ ಬ್ರಿಡ್ಜ್ ಮುಂದಕ್ಕೆ ವಾಲಿತ್ತು. ಹಿಂದಿನ ಅಂಚಿನ ಕೆಳಗೆ ಝೆರಾಕ್ಸ್ ಕಾಗದ ಸಲೀಸಾಗಿ ತೂರುತ್ತಿತ್ತು. ತಂತಿ ಮೇಲೆದ್ದು ಒತ್ತಲಿಕ್ಕೇ ಆಗಲಿಲ್ಲ.

ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕೆಜಿ ಎಳೆತ, ಹಗಲೂ ರಾತ್ರಿ. ಬಿಳಿ ಅಂಟು ಒಣಗಿದ ಮೇಲೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಕಾವು ಏರಿದರೆ ಮೆತ್ತಗಾಗಿ, ಎಳೆದ ಕಡೆ ಮೆಲ್ಲಗೆ ಜರುಗುತ್ತದೆ.

ಅದಕ್ಕಿಂತ ಕಾಡಿದ್ದು ಮತ್ತೆ ಅಂಟಿಸುವ ಕೆಲಸ. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಗಿಟಾರ್‌ನ ಮೇಲಿನದು ಸ್ಪ್ರೂಸ್ ಎಂಬ ಮರದ ಹಲಗೆ, ದಪ್ಪ 3 ಮಿಮೀ ಸಹ ಇಲ್ಲ. ಜಾಸ್ತಿ ಕೆರೆದರೆ ಹಲಗೆಯೇ ಹೋಯಿತು ಅಲ್ವಾ? ಮೂರು ಭಾನುವಾರ ಹಿಡಿಯಿತು. ಒಂದು ಕಡೆ ಮರದ ನಾರು ಕಿತ್ತು ಬಂದಾಗ ಹೊಟ್ಟೆ ಚುರ್ ಎಂದಿತು.

ತೊಗಲಿನ ಅಂಟು ಕಾಳು ಕಾಳಾಗಿ ಬರುತ್ತದೆ. ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿ ಸುಮಾರಿಗೆ ಕರಗಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ದನದ ತೊಗಲು ಅಂತ ಅವ್ವ ಅಡುಗೆಮನೆಗೆ ಬಿಡಲಿಲ್ಲ, ಅದು ಸರಿಯೇ. ಮಾಳಿಗೆ ಮೇಲೆ ಕರೆಂಟ್ ಒಲೆ ಇಟ್ಟುಕೊಂಡೆ. ವಾಸನೆ ಇದೆ.

ಹಚ್ಚಿದ ಮೇಲೆ ಒಂದು ನಿಮಿಷವೂ ಸಿಗುವುದಿಲ್ಲ, ತಣ್ಣಗಾದರೆ ಗಟ್ಟಿ. ಇಲ್ಲಿ ನಮ್ಮೂರಿನ ಬಿಸಿಲೇ ನೆರವಿಗೆ ಬಂತು. ಮೇ ಮಧ್ಯಾಹ್ನ ಬ್ರಿಡ್ಜನ್ನು ಬಿಸಿಲಲ್ಲಿ ಕಾಯಿಸಿ ತಂದು, ನಿಧಾನವಾಗಿ ಕ್ಲಾಂಪ್ ಬಿಗಿದೆ. ಬೆಳಗಾವಿಯ ಗೆಳೆಯ ಡಿಸೆಂಬರ್ ಚಳಿಯಲ್ಲಿ ಇದೇ ಕೆಲಸಕ್ಕೆ ಹೇರ್ ಡ್ರೈಯರ್ ಹಿಡಿಯಬೇಕಾಯಿತು.

ಈ ಅಂಟು ಒಣ ಕಾವಿಗೆ ಜರುಗುವುದಿಲ್ಲ. ಕಾವಿನ ಜೊತೆ ತೇವ ಸೇರಿದರೆ ಮಾತ್ರ ಬಿಡುತ್ತದೆ. ರಿಪೇರಿಗೆ ಅದೂ ಅನುಕೂಲವೇ, ಹಳೆಯ ಅಂಟಿನ ಮೇಲೆ ಹೊಸದು ಚೆನ್ನಾಗಿ ಕೂರುತ್ತದೆ. ಈ ಬೇಸಿಗೆ ಪೂರ್ತಿ ಗಿಟಾರ್ ತಗಡಿನ ಕೋಣೆಯಲ್ಲೇ ಇತ್ತು. ಬ್ರಿಡ್ಜ್ ಕೆಳಗೆ ಕಾಗದ ತೂರಲಿಲ್ಲ.

ಬಿಳಿ ಅಂಟು ಅಗ್ಗ, ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ತೊಗಲಿನದು ತರಿಸಬೇಕು. ಆದರೆ ಒಣ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ವರ್ಷಕ್ಕೊಂದು ಗಿಟಾರ್ ಕಟ್ಟುವ ನನಗೆ ಒಂದು ಪೊಟ್ಟಣ ಸಾಕು. ಒಳಗಿನ ಅಂಚುಪಟ್ಟಿಗೆ ಈಗಲೂ ಬಿಳಿಯದನ್ನೇ ಹಚ್ಚುತ್ತೇನೆ, ಅಲ್ಲಿ ಎಳೆತ ಕಡಿಮೆ. ಎರಡನೇ ಗಿಟಾರ್‌ನ ಬ್ರೇಸ್‌ಗಳಿಗೆ, ಅಂದರೆ ಹಲಗೆಯ ಒಳಬದಿಯ ಆಸರೆ ಪಟ್ಟಿಗಳಿಗೆ ಮಾತ್ರ ತೊಗಲಿನ ಅಂಟೇ.